ಮ್ಯಾಟ್ರಿಕ್ಸ್‌ನಿಂದ ಶುರುಮಾಡಿದೆ, ಕ್ವಾಂಟಮ್ ಕೈಗೆ ಹತ್ತಿತು

ಮೊದಲು ಕ್ಯಾಲ್ಕುಲಸ್ ಪೂರ್ತಿ, ಆಮೇಲೆ ಕ್ಲಾಸಿಕಲ್ ಮೆಕ್ಯಾನಿಕ್ಸ್, ಆಮೇಲೆ ಡಿಫರೆನ್ಷಿಯಲ್ ಈಕ್ವೇಶನ್, ಕೊನೆಗೆ ಕ್ವಾಂಟಮ್, ಅಂದರೆ ಪರಮಾಣುವಿನಷ್ಟು ಚಿಕ್ಕ ಲೋಕದ ಭೌತಶಾಸ್ತ್ರ. ಎಲ್ಲರೂ ಹೇಳಿದ ದಾರಿ ಇದೇ. ಎರಡು ಸಲ ಹೊರಟೆ, ಎರಡು ಸಲವೂ ಅರ್ಧಕ್ಕೆ ನಿಂತೆ. ಮೂರನೇ ಸಲ ಬರೀ ಮ್ಯಾಟ್ರಿಕ್ಸ್ (ಸಾಲು-ಕಂಬವಾಗಿ ಜೋಡಿಸಿದ ಸಂಖ್ಯೆಗಳು) ಹಿಡಿದು ಶುರುಮಾಡುತ್ತೇನೆ ಅಂದಾಗ, "ಬುಡ ಬಿಟ್ಟು ತುದಿ ಹಿಡೀತಿದ್ದೀಯ" ಅಂದರು. ಈಗ ಹೈಡ್ರೋಜನ್ ಲೆಕ್ಕ ನಾನೇ ಮಾಡಿ, ಅದರ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿ 13.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಅಂತ ತೆಗೆದಿದ್ದೇನೆ.

ಮೊದಲೆರಡು ಸಲ ದುಡ್ಡು ಜಾಸ್ತಿ ಹೋಯಿತು. ಆರು ದಪ್ಪ ಪುಸ್ತಕ ಕೊಂಡೆ, ಸುಮಾರು ಅರ್ಧ ತಿಂಗಳ ಸಂಬಳ. ನಾಲ್ಕರಲ್ಲಿ ಎರಡನೇ ಅಧ್ಯಾಯ ದಾಟಲಿಲ್ಲ. ಒಂದು ಆನ್‌ಲೈನ್ ಕೋರ್ಸಿಗೂ ಕಟ್ಟಿದೆ. ಅದರಲ್ಲಿ ಪಾಠ ಕೇಳುವುದೇ ಆಯಿತು, ಲೆಕ್ಕ ಮಾಡಿಸಲೇ ಇಲ್ಲ. ಮೂರನೇ ಸಲ ಖರ್ಚಾದದ್ದು ಎರಡು ನೋಟ್‌ಬುಕ್ಕಿಗೆ ಮಾತ್ರ.

ಕಾಂಪ್ಲೆಕ್ಸ್ ನಂಬರಿಗೆ ಮೂರು ವಾರ, ಮ್ಯಾಟ್ರಿಕ್ಸ್ ಗಣಿತವಾದ ಲೀನಿಯರ್ ಆಲ್ಜಿಬ್ರಾಗೆ ಎರಡೂವರೆ ತಿಂಗಳು ಕೊಟ್ಟೆ. ಐಗನ್‌ವ್ಯಾಲ್ಯೂ (ಮ್ಯಾಟ್ರಿಕ್ಸ್ ತನ್ನ ವಿಶೇಷ ದಿಕ್ಕಿನ ವೆಕ್ಟರನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವ ಸಂಖ್ಯೆ) ಕೈಯಲ್ಲೇ ತೆಗೆಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಆಮೇಲೆ ನೇರ ಸ್ಪಿನ್, ಅಂದರೆ ಎಲೆಕ್ಟ್ರಾನಿನಂಥ ಕಣವನ್ನು ಪುಟ್ಟ ಕಾಂತದಂತೆ ವರ್ತಿಸುವಂತೆ ಮಾಡುವ ಅದರ ಸ್ವಂತ ಗುಣ. 1922ರ ಸ್ಟರ್ನ್-ಗೆರ್ಲಾಕ್ ಪ್ರಯೋಗದಲ್ಲಿ ಬೆಳ್ಳಿಯ ಪರಮಾಣುಗಳ ಕಿರಣ ಕಾಂತದ ನಡುವೆ ಹಾದು ಎರಡಾಗಿ ಒಡೆಯಿತಲ್ವಾ, ಆ ಎರಡಕ್ಕೆ ಎರಡೇ ಸಾಲಿನ ಮ್ಯಾಟ್ರಿಕ್ಸ್ ಸಾಕು. ಸ್ಪಿನ್ನನ್ನು ಬರೆಯುವ ಪೌಲಿ ಮ್ಯಾಟ್ರಿಕ್ಸ್‌ಗಳನ್ನು ಹಿಂದುಮುಂದು ಗುಣಿಸಿ, ಉತ್ತರ ಬೇರೆ ಬೇರೆ ಬಂದದ್ದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲವು ಎರಡು ಅಳತೆಗಳನ್ನು ಒಟ್ಟಿಗೆ ಖಚಿತವಾಗಿ ತಿಳಿಯಲಾಗದ ಅನಿಶ್ಚಿತತೆ ಎಲ್ಲಿಂದ ಬರುತ್ತದೆ ಅನ್ನುವುದು ಆ ನಾಲ್ಕು ಸಾಲಿನಲ್ಲೇ ಇತ್ತು.

ನಡುವೆ ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಬಿಡುವ ಹಾಳೆ) ಹುಚ್ಚು ಹಿಡಿಯಿತು. ಎರಡನ್ನು ಅಡ್ಡಡ್ಡ ಇಟ್ಟರೆ ಕತ್ತಲು. ನಡುವೆ ಮೂರನೆಯದನ್ನು 45 ಡಿಗ್ರಿಗೆ ತೂರಿಸಿದರೆ ಬೆಳಕು ಮತ್ತೆ ಬರುತ್ತದೆ, ಮೊದಲನೆಯದನ್ನು ದಾಟಿದ್ದರಲ್ಲಿ ಕಾಲು ಭಾಗ. ಸ್ಪಿನ್ ಲೆಕ್ಕದ ಗಣಿತವೇ ಇಲ್ಲೂ. ಒಂದು ವಾರ ಇದರಲ್ಲೇ ಕಳೆದೆ, ಬೇಜಾರಿಲ್ಲ.

ಕ್ವಾಂಟಮ್‌ನ ಮೂಲ ಸೂತ್ರವಾದ ಶ್ರೋಡಿಂಗರ್ ಸಮೀಕರಣಕ್ಕೂ ಮ್ಯಾಟ್ರಿಕ್ಸ್ ದಾರಿಯನ್ನೇ ಹಿಡಿದೆ. ಮೈನಸ್ 6ರಿಂದ 6ರವರೆಗೆ ಸುಮಾರು ನೂರು ಚುಕ್ಕಿ ಇಟ್ಟು, ಹಾರ್ಮೋನಿಕ್ ಆಸಿಲೇಟರನ್ನು (ಸ್ಪ್ರಿಂಗಿಗೆ ಕಟ್ಟಿದಂತೆ ಹಿಂದೆಮುಂದೆ ತೂಗುವ ಕಣ) ಕಂಪ್ಯೂಟರ್ ಭಾಷೆ ಪೈಥಾನ್‌ಗೆ ಕೊಟ್ಟು, ಅದರ ಶಕ್ತಿಯ ಮಟ್ಟಗಳನ್ನು ಕೇಳಿದೆ. ಮೊದಲ ಉತ್ತರ ಮೈನಸ್ 138! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕೈನೆಟಿಕ್ (ಚಲನೆಯ ಶಕ್ತಿಯ) ಭಾಗದ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ತಿದ್ದಿದೆ. 0.4995, 1.498, 2.494 ಬಂತು. ಬರಬೇಕಾದದ್ದು ಅರ್ಧ, ಒಂದೂವರೆ, ಎರಡೂವರೆ. ಚುಕ್ಕಿ ಹೆಚ್ಚಿಸದೆಯೇ ಇನ್ನೂ ಹತ್ತಿರ ತರುವ ಒಂದು ಉಪಾಯ ಇದೆ. ಅದನ್ನು ನಾನು ಹೇಳುವುದಿಲ್ಲ, ನೀವೇ ಹುಡುಕಿದರೆ ಸಿಗುವ ಖುಷಿ ಬೇರೆ.

ಹೈಡ್ರೋಜನ್‌ಗೆ ಬಂದಾಗ ಡಿಫರೆನ್ಷಿಯಲ್ ಈಕ್ವೇಶನ್ ಬೇಕೇ ಬೇಕಾಯಿತು. ಹಿಂದೆ ಐದು ತಿಂಗಳು ಒದ್ದಾಡಿಸಿದ ವಿಷಯ ಈ ಸಲ ಮೂರು ವಾರಕ್ಕೆ ಮುಗಿಯಿತು, ಯಾಕೆ ಬೇಕು ಅಂತ ಗೊತ್ತಿತ್ತಲ್ಲ.

ಈಗ ಹೀಲಿಯಂ ಮೇಲಿದ್ದೇನೆ. ಅದರ ಎರಡೂ ಎಲೆಕ್ಟ್ರಾನುಗಳ ಒಟ್ಟು ಶಕ್ತಿ ಮೊದಲ ಹಂತದ ಪರ್ಟರ್ಬೇಶನ್‌ನಲ್ಲಿ (ಸುಲಭದ ಲೆಕ್ಕಕ್ಕೆ ತಿದ್ದುಪಡಿ ಸೇರಿಸುವ ವಿಧಾನ) ಮೈನಸ್ 74.8 ಎಲೆಕ್ಟ್ರಾನ್ ವೋಲ್ಟ್ ಬಂತು. ವೇರಿಯೇಶನಲ್ ವಿಧಾನದಲ್ಲಿ, ಅಂದರೆ ಊಹೆಯ ಉತ್ತರವನ್ನು ಶಕ್ತಿ ಕನಿಷ್ಠವಾಗುವಂತೆ ಹೊಂದಿಸಿ, ಮೈನಸ್ 77.5ಕ್ಕೆ ಇಳಿಸಿದ್ದೇನೆ. ಪ್ರಯೋಗದಲ್ಲಿ ಸಿಗುವುದು ಮೈನಸ್ 79. ಉಳಿದ ಒಂದೂವರೆ ಎಲೆಕ್ಟ್ರಾನ್ ವೋಲ್ಟಿಗಾಗಿ ಮೂರನೇ ನೋಟ್‌ಬುಕ್ ತಂದಿಟ್ಟಿದ್ದೇನೆ.