ನಂದಿ ಬೆಟ್ಟ, ಕಾಲು ನೆಲಕ್ಕೆ ಇಡದೆ

ಮೊದಲ ಸಲ ಸೈಕಲ್ಲಿನಲ್ಲಿ ಹತ್ತಿದಾಗ ಮೂವತ್ತೊಂದನೇ ತಿರುವಿನಲ್ಲಿ ನಿಂತುಬಿಟ್ಟಿದ್ದೆ. ನಂದಿ ಬೆಟ್ಟದ ರಸ್ತೆಯಲ್ಲಿ ತಿರುವುಗಳಿಗೆ ನಂಬರ್ ಇದೆ, ಕೆಳಗಿನಿಂದ ಎಣಿಸುತ್ತಾ ಹೋದರೆ 40. ಹಾಗಾಗಿ ಎಲ್ಲಿ ನಿಂತೆ ಅನ್ನೋದು ಇವತ್ತಿಗೂ ಸರಿಯಾಗಿ ನೆನಪಿದೆ. ಎದೆ ಬಡಿತ ಕಿವಿಯಲ್ಲೇ ಕೇಳಿಸುತ್ತಿತ್ತು, ತೊಡೆ ಕಲ್ಲಾಗಿತ್ತು. ಉಳಿದದ್ದನ್ನು ಸೈಕಲ್ ತಳ್ಳಿಕೊಂಡು ಹತ್ತಿದೆ.

ಕಾರಿನಲ್ಲಿ ಹೋದವರಿಗೆ ಇದು ಅಂಥ ದೊಡ್ಡ ಏರು ಅನಿಸುವುದಿಲ್ಲ. ಬುಡದಿಂದ ಸುಮಾರು ಏಳೂವರೆ ಕಿಲೋಮೀಟರ್, ಅಷ್ಟೇ. ನೆತ್ತಿ 1,478 ಮೀಟರ್ ಎತ್ತರದಲ್ಲಿದೆ ನಿಜ, ಆದರೆ ಬೆಟ್ಟದ ಬುಡವೇ ಸಾಕಷ್ಟು ಎತ್ತರದಲ್ಲಿ ಇರುವುದರಿಂದ ಸೈಕಲ್ಲಿಗೆ ಸಿಗುವ ನಿಜವಾದ ಏರು ನಾನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ. ತೊಂದರೆ ಏನೆಂದರೆ ಅದು ಒಂದೇ ಸಮ ಇಲ್ಲ. ಶುರುವಿನಲ್ಲಿ ಸಲೀಸಾಗಿದೆ, ಮೇಲೆ ಹೋಗ್ತಾ ಹೋಗ್ತಾ ಕಡಿದಾಗುತ್ತದೆ, ಕೊನೆಯ ತಿರುವುಗಳು ಉಳಿದ ಶಕ್ತಿಯನ್ನೆಲ್ಲ ಹೀರಿಬಿಡುತ್ತವೆ. ನಾನು ಕತ್ತಲಲ್ಲೇ ಯಲಹಂಕದಿಂದ ಹೊರಟು, ಹೆದ್ದಾರಿಯಲ್ಲಿ ಜೋರಾಗಿ ತುಳಿದು, ಆ ಸಲೀಸಾದ ಭಾಗದಲ್ಲೂ ಮುಂದಿದ್ದವರನ್ನೆಲ್ಲ ಹಿಂದೆ ಹಾಕುತ್ತಾ ಹೋಗಿದ್ದೆ. ಅಲ್ಲೇ ತಪ್ಪಾಗಿದ್ದು.

ನಿಂತಿದ್ದಾಗ ನನಗಿಂತ ವಯಸ್ಸಾದ ಒಬ್ಬರು ನಿಧಾನವಾಗಿ ತುಳಿಯುತ್ತಾ ಬಂದರು. ದಾಟಿ ಹೋಗುವಾಗ, 'ಪಕ್ಕದವರ ಜೊತೆ ಮಾತಾಡೋಕೆ ಆಗೋಷ್ಟು ನಿಧಾನಕ್ಕೆ ತುಳೀರಿ ಸಾರ್, ಮೇಲೆ ತಾನಾಗೇ ತಲುಪ್ತೀರಿ' ಅಂದರು. ಉಸಿರು ಕಟ್ಟದೆ ಅಷ್ಟೂ ಹೇಳಿದರು! ಅವರ ಹಿಂದಿನ ಚಕ್ರ ನೋಡಿದೆ. ದೊಡ್ಡ ಹಲ್ಲಿನ ಗೇರು, ತಟ್ಟೆಯಷ್ಟು ಅಗಲ.

ಆ ತಟ್ಟೆ ಗೇರಿನ ಲೆಕ್ಕ ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು. ನನ್ನ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಗೇರಿಗೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದೂ ಕಾಲು ಸುತ್ತಿಗೆ ಹತ್ತಿರ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಒಂಬತ್ತು ಕಿಲೋಮೀಟರ್ ವೇಗ ಆಗಲೇಬೇಕು. ಕಡಿದಾದ ಏರಿನಲ್ಲಿ ಆ ವೇಗಕ್ಕೆ ನನ್ನಲ್ಲಿ ಶಕ್ತಿ ಇಲ್ಲ, ಹಾಗಾಗಿ ಸುತ್ತು ನಲವತ್ತಕ್ಕೆ ಇಳಿಯುತ್ತಿತ್ತು, ಪ್ರತಿ ಸುತ್ತೂ ಮಂಡಿಯ ಮೇಲೆ ಬೀಳುತ್ತಿತ್ತು. ಹಿಂದೆಯೂ 34 ಹಲ್ಲು ಇದ್ದರೆ? ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು. ಅದೇ 60ಕ್ಕೆ ಏಳೂವರೆ ಕಿಲೋಮೀಟರ್ ವೇಗ ಸಾಕು. ಕ್ಯಾಸೆಟ್, ಅಂದರೆ ಹಿಂದಿನ ಗೇರುಗಳ ಗೊಂಚಲು, ಬದಲಾಯಿಸಿದೆ. ಅಷ್ಟು ದೊಡ್ಡ ಗೇರಿಗೆ ಹಳೆ ಡೆರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೊಂದದೆ ಅದನ್ನೂ, ಚೈನನ್ನೂ ಬದಲಾಯಿಸಬೇಕಾಯಿತು. ಖರ್ಚಾಯಿತು, ಆದರೆ ಹಗುರ ಚಕ್ರಕ್ಕೆ ಸುರಿಯುವ ದುಡ್ಡಿಗಿಂತ ಇದು ಸಾವಿರ ಪಾಲು ಮೇಲು ಅಂತ ಈಗಲೂ ಎಲ್ಲರಿಗೂ ಹೇಳುತ್ತೇನೆ.

ಎರಡು ತಿಂಗಳು ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗಿ ಇಪ್ಪತ್ತನೇ ತಿರುವಿನವರೆಗೆ ಮಾತ್ರ ಹತ್ತಿ ಇಳಿಯುತ್ತಿದ್ದೆ. ಉಳಿದ ದಿನ ಮನೆ ಹತ್ತಿರದ ಏರಿನಲ್ಲೇ ಕೂತು ತುಳಿಯುವ ಅಭ್ಯಾಸ.

ಎರಡನೇ ಪ್ರಯತ್ನ ಒಂದು ಬುಧವಾರ. ವಾರದ ಕೊನೆಯಲ್ಲಿ ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳ ನಡುವೆ ನಿಧಾನ ಹತ್ತುವುದು ಕಷ್ಟ. ಸೈಕಲ್ಲನ್ನು ಕಾರಿನಲ್ಲಿಟ್ಟುಕೊಂಡು ದೇವನಹಳ್ಳಿವರೆಗೆ ಹೋದೆ. ಬಾಳೆಹಣ್ಣು ಬುಡದಲ್ಲೇ ತಿಂದು ಮುಗಿಸಿದೆ, ಮೇಲೆ ಕೋತಿಗಳು ಬಿಡುವುದಿಲ್ಲ.

ಮೊದಲ ಹತ್ತು ತಿರುವು ಬೇಕಂತಲೇ ನಿಧಾನ. ಇಬ್ಬರು ಹುಡುಗರು ಸುಯ್ಯಂತ ದಾಟಿ ಹೋದರು, ಹೋಗಲಿ ಅಂತ ಬಿಟ್ಟೆ. ತಿರುವಿನ ಒಳಬದಿ ತುಂಬಾ ಕಡಿದು ಅಂತ ಅಷ್ಟರಲ್ಲಿ ಗೊತ್ತಿತ್ತು, ಹಿಂದೆ ಗಾಡಿ ಇಲ್ಲದಿದ್ದಾಗ ನಮ್ಮ ಬದಿಯಲ್ಲೇ ಸ್ವಲ್ಪ ಅಗಲವಾಗಿ ತಿರುಗಿದರೆ ಒಂದೆರಡು ಉಸಿರು ಉಳಿಯುತ್ತದೆ. ಮೂವತ್ತೊಂದು ಬಂತು. ಬೋರ್ಡ್ ನೋಡಲಿಲ್ಲ. ಮೂಗಿನ ತುದಿಯಿಂದ ಬೆವರು ಹ್ಯಾಂಡಲ್ ನಡುವಿನ ಬೋಲ್ಟಿನ ಮೇಲೆ ಟಪ್ ಟಪ್ ಅಂತ ಬೀಳುತ್ತಿತ್ತು, ಅದನ್ನೇ ನೋಡುತ್ತಾ ಎಣಿಸುತ್ತಾ ಹೋದೆ. ಮೂವತ್ತೆಂಟರ ಹತ್ತಿರ ಮಂಜು ಕವಿದು ಹತ್ತು ಮಾರು ಮುಂದೆ ಏನೂ ಕಾಣಲಿಲ್ಲ. ನನಗೆ ಅದೇ ಒಳ್ಳೆಯದಾಯಿತು, ಏರು ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಂಡರೆ ಕಾಲು ಮೊದಲೇ ಸೋಲುತ್ತದೆ ಅಲ್ವಾ. ಕೊನೆಗೆ ಮಂಜಿನೊಳಗಿಂದ ಗೇಟು ಕಂಡಿತು. 54 ನಿಮಿಷ. ಸೈಕಲ್ ಒರಗಿಸಿ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ.

ಇಳಿಯುವಾಗ ಮಾತ್ರ ದಯವಿಟ್ಟು ಅವಸರ ಬೇಡ. ನನ್ನದು ರಿಮ್ ಬ್ರೇಕು, ಚಕ್ರದ ಅಂಚನ್ನೇ ಒತ್ತಿ ಹಿಡಿಯುವಂಥದ್ದು. ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು, ಆದ್ದರಿಂದ ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವು ದಾಟಿದ ಮೇಲೆ ಪೂರ್ತಿ ಬಿಡುತ್ತಿದ್ದೆ. ಇಪ್ಪತ್ತನೇ ತಿರುವಿನಲ್ಲಿ ನಿಂತು ರಿಮ್ಮಿಗೆ ಬೆರಳು ತಾಗಿಸಿದೆ, ಚುರ್ ಅಂದಿತು. ಅದು ಆರುವವರೆಗೆ ಅಲ್ಲೇ ನಿಂತಿದ್ದೆ. ಕೆಳಗಿನಿಂದ ಒಬ್ಬ ಹುಡುಗ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದ, ಅವನಿಗೂ ಆ ಹಿರಿಯರ ಮಾತನ್ನೇ ಹೇಳಿದೆ.