ಎರಡು ಭಾಷೆ ಮನ್ಯಾಗ ಕೂಸಿನ ಮಾತು ಎಣಿಸೂದು ಹೆಂಗ

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಬಾಳ ಮನ್ಯಾಗ ಅವ್ವ ಕನ್ನಡ, ಅಜ್ಜಿ ಮರಾಠಿ. ಕೂಸಿನ ಮಾತು ತಡ ಆದ್ರ ಬೈಗುಳ ಎರಡು ಭಾಷೆಗೆ. ಅದು ಕಾರಣ ಅಲ್ಲ. ನಾವು ಒಂದ ಭಾಷೆ ಶಬ್ದ ಎಣಿಸ್ತೀವಿ, ಅಲ್ಲೇ ಲೆಕ್ಕ ತಪ್ಪತೈತಿ. "ನೀರು", "ಪಾಣಿ" ಎರಡೂ ಹಿಡೀರಿ. ಹಾಲಿಗೆ ಪ್ರತಿಸಲ "ಆಲು" ಅಂದ್ರ ಅದೂ ಶಬ್ದನ, ನಾಯಿಗೆ "ಬೌ ಬೌ" ಅಂದ್ರೂ ಅಷ್ಟ. ಒಂದು ವಾರ ಕ್ಯಾಲೆಂಡರ್ ಹಿಂದ ಬರದಿಡ್ರಿ. ಎರಡು ವರ್ಷಕ್ಕ ಎರಡೂ ಭಾಷೆ ಕೂಡಿ ಸುಮಾರು 50 ಶಬ್ದ, "ಅಪ್ಪಾ ಬಾ" ಹಂಗ ಜೋಡಿ ಮಾತು ಇರಬೇಕು.

ಉಣ್ಣು ಹೊತ್ತಿನ್ಯಾಗ ಎರಡು ಕೈಯಾಗ ಎರಡು ತೋರಸ್ರಿ: "ರೊಟ್ಟಿ ಬೇಕೋ, ಬಾಳೆಹಣ್ಣು ಬೇಕೋ?" ಆಮ್ಯಾಲೆ ಸುಮ್ಮನ ಮನಸಿನ್ಯಾಗ 10 ಎಣಿಸ್ರಿ. ಇದ ಕಠಿಣ, ಮೂರಕ್ಕ ಯಾರರೆ ಉತ್ತರ ಹೇಳಿಬಿಡ್ತಾರ, ಕೂಸಿಗೆ ಬಾಯಿ ತೆರಿಯೂ ಕೆಲಸನ ಉಳಿಯಂಗಿಲ್ಲ. "ಒಟ್ಟಿ" ಅಂದ್ರ ತಿದ್ದಬ್ಯಾಡ್ರಿ. "ಹೂಂ, ಬಿಸಿ ರೊಟ್ಟಿ" ಅಂತ ಒಂದು ಶಬ್ದ ಕೂಡಿಸಿ ಕೊಡ್ರಿ. ಮೊಬೈಲ್ ಆಗ ಬ್ಯಾಡ, ಅದು ಉತ್ತರಕ್ಕ ಕಾಯಂಗಿಲ್ಲ.

ಒಂದು ವರ್ಷಕ್ಕ ಬೆರಳು ಮಾಡಿ ತೋರಸಲಿಲ್ಲ, ಒಂದೂವರೆ ವರ್ಷಕ್ಕ ಒಂದೂ ಶಬ್ದ ಇಲ್ಲ, ಇಲ್ಲಾ ಬಂದ ಮಾತು ಹೋತು ಅಂದ್ರ "ಅವರಪ್ಪನೂ ತಡಾನ" ಅಂತ ಕುಂದ್ರಬ್ಯಾಡ್ರಿ. ಮೊದಲು ಕಿವಿ ಪರೀಕ್ಷೆ. ತಾಟು ಬಡದಾಗ ತಿರುಗಿದ್ರ ಸಾಲದು. ದೊಡ್ಡ ಸಪ್ಪಳ ಕೇಳಿ "ಸ", "ಫ" ಕೇಳದ ಕೂಸು ಅದಾವು. ಅಂಗನವಾಡಿಗೆ ಬರೂ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ ಮಾಡೂ ಸರ್ಕಾರಿ ಯೋಜನೆ) ತಂಡಕ್ಕ ತೋರಸ್ರಿ, ರೊಕ್ಕ ಹತ್ತಂಗಿಲ್ಲ.