ಬಿಸಿನೀರು ಸಣ್ಣಗೆ ಬರುತ್ತಿದೆಯಾ? ಮೊದಲು ಇಷ್ಟು ನೋಡಿ

ಪ್ಲಂಬರ್‌ಗೆ ಫೋನ್ ಮಾಡುವ ಮುಂಚೆ ಅದೇ ಶವರ್‌ನಲ್ಲಿ ತಣ್ಣೀರು ಬಿಟ್ಟು ನೋಡಿ. ಅದೂ ಸಣ್ಣಗಿದ್ದರೆ ತಪ್ಪು ಗೀಸರ್‌ನದಲ್ಲ. ಶವರ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿ, ಹಳೇ ಬ್ರಶ್‌ನಿಂದ ತಿಕ್ಕಿ. ಆಮೇಲೂ ಅಷ್ಟೇನಾ? ತಾರಸಿಯ ಟ್ಯಾಂಕ್ ಶವರ್‌ಗಿಂತ 3 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು ಸುಮಾರು 0.3 ಬಾರ್ ಒತ್ತಡ, ಅದಕ್ಕೆ ಪ್ರೆಶರ್ ಪಂಪೇ ಬೇಕು.

ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸೊರಗಿದ್ದರೆ, ಅದರಲ್ಲೂ ಬೋರ್‌ವೆಲ್ ನೀರಿನ ಮನೆಯಾದರೆ, ನನ್ನ ಮೊದಲ ಅನುಮಾನ ಬಿಳಿ ಪದರದ ಮೇಲೆ. ಗಡಸು ನೀರು ಕಾದಾಗ ಸುಣ್ಣದಂಥದ್ದು ಉದುರಿ ಪೈಪ್, ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸಿ ಬಿಡುವ ನಲ್ಲಿ) ಎಲ್ಲಾ ಕಡೆ ಕೂರುತ್ತದೆ. ಒಂದೇ ನಲ್ಲಿಯಲ್ಲಿ ತೊಂದರೆ ಇದ್ದರೆ ಆ ಮಿಕ್ಸರ್ ಬಿಚ್ಚಿಸಿ ನೋಡಿ.

ಎಲ್ಲಾ ಕಡೆಯೂ ಹೀಗೇನಾ? ಗೀಸರ್ ಕೆಳಗಿನ ಆಂಗಲ್ ವಾಲ್ವ್ (ಗೀಸರ್‌ಗೆ ನೀರು ಬಿಡುವ, ನಿಲ್ಲಿಸುವ ಚಿಕ್ಕ ನಲ್ಲಿ) ಪೂರ್ತಿ ತೆರೆದಿದೆಯಾ ನೋಡಿ, ಯಾರೋ ಸುಮ್ನೆ ಅರ್ಧ ತಿರುಗಿಸಿಟ್ಟಿರುತ್ತಾರೆ. ಆಮೇಲೆ ಗೀಸರ್‌ನ ಸ್ವಿಚ್, ಕರೆಂಟ್ ಬೋರ್ಡ್‌ನಲ್ಲಿರುವ ಎಂಸಿಬಿ ಸ್ವಿಚ್ ಎರಡೂ ಆಫ್ ಮಾಡಿ, ನೀರು ತಣ್ಣಗಾದ ಮೇಲೆ ವಾಲ್ವ್ ಮುಚ್ಚಿ, ಕನೆಕ್ಷನ್ ಪೈಪ್ ಬಿಚ್ಚಿ. ಕಟ್ಟಿಕೊಂಡಿದ್ದರೆ ಅಥವಾ ಮಡಚಿಕೊಂಡಿದ್ದರೆ ಹೊಸದು ಹಾಕಿ, ಜಾಸ್ತಿ ದುಡ್ಡೇನೂ ಆಗುವುದಿಲ್ಲ. ನೀರು ಜೋರಾಗಿ ಬರಲಿ ಅಂತ ಸೇಫ್ಟಿ ವಾಲ್ವನ್ನೇ ಕಿತ್ತು ಬಿಸಾಡುವವರೂ ಇದ್ದಾರೆ. ದಯವಿಟ್ಟು ಬೇಡ, ಒಳಗೆ ಒತ್ತಡ ಏರಿದರೆ ಗೀಸರ್ ಒಡೆಯಬಹುದು.